ಗಿಟಾರಿನಲ್ಲಿ ಗಮಕ

ಜಾಝ್ ಗಿಟಾರ್ ವಾದಕರಾದ ಜಾನ್ ಮೆಕ್‌ಲಾಗ್ಲಿನ್ನರ ‘ಶಕ್ತಿ’ ವೃಂದವು 2023ರ ಜನವರಿಯಲ್ಲಿ ಬೆಂಗಳೂರಿಗೆ ಬಂದು ನುಡಿಸಿಹೋದ ಮೇಲೆ, ಹಲಸೂರಿನ ನಮ್ಮ ಮನೆಯಲ್ಲಿಯೂ ಆ ವಾದನದ ಮಾತು ನಡೆಯಿತು. ಮೊಮ್ಮಗನು ಕೇಳಿಸಿದ ಧ್ವನಿಮುದ್ರಿಕೆಗೆ, “ಇದು ಬರಿಯ ವೇಗ” ಎಂದುಬಿಟ್ಟೆನು. ಆ ತೀರ್ಪನ್ನು ಈಗ ತಿದ್ದಿಕೊಳ್ಳಬೇಕಾಗಿದೆ.

ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರವಾಗಿ ನಿಂತಿರುವುದರಿಂದ, ವೈಣಿಕನು ಒಂದೇ ಮೆಟ್ಟಿಲಿನಲ್ಲಿ ತಂತಿಯನ್ನು ಪಕ್ಕಕ್ಕೆಳೆದು ಎರಡು ಮೂರು ಸ್ವರಗಳನ್ನು ಹೊರಡಿಸಬಲ್ಲನು. ಗಿಟಾರಿನಲ್ಲಿ ಬೆರಳು ಮರಕ್ಕೆ ತಾಗುವುದರಿಂದ ಆ ಎಳೆತವು ಅಷ್ಟು ಸರಾಗವಲ್ಲ. ಅಮೆರಿಕದಲ್ಲಿ ಎಸ್. ರಾಮನಾಥನ್ನರ ಬಳಿ ವೀಣೆ ಕಲಿತ ಮೆಕ್‌ಲಾಗ್ಲಿನ್ನರು, 1970ರ ದಶಕದಲ್ಲಿ ಶಕ್ತಿಗಾಗಿ ಮಾಡಿಸಿದ ಗಿಟಾರಿನಲ್ಲಿ ಮೆಟ್ಟಿಲುಗಳ ನಡುವಣ ಮರವನ್ನೇ ತೋಡಿಸಿದರು. ಅನುರಣನಕ್ಕೆಂದು ಬೇರೆ ತಂತಿಗಳನ್ನು ಓರೆಯಾಗಿ ಹೂಡಿಸಿದರು. ಗಮಕವು ಅಲಂಕಾರಮಾತ್ರವೆಂದು ತಿಳಿದವನು ವಾದ್ಯದ ಮೈಯನ್ನು ಕೆತ್ತಿಸುವನೆ?

ವೇಗಕ್ಕೂ ಕಾರಣವುಂಟು. ಎಲ್. ಶಂಕರರ ಪಿಟೀಲಿನಲ್ಲಿ ಕಮಾನು ಸಾಗುವವರೆಗೂ ನಾದವುಳಿಯುವುದು; ಮೀಟಿದ ತಂತಿಯ ನಾದವಾದರೋ ಬೇಗನೆ ಆರುವುದು. ಆರುವ ಮುನ್ನವೇ ಮತ್ತೊಂದು ಸ್ವರ ಬರಬೇಕು. ಆದುದರಿಂದ ಸ್ವರಗಳ ಸುರಿಮಳೆಗೆ ಬೆರಗಾಗದೆ, ಅದು ನಿಂತೊಡನೆ ಒಂದೇ ಸ್ವರವನ್ನು ಎಳೆದು ಅಲುಗಿಸುವ ಆ ಗಳಿಗೆಗೆ ವಾಚಕರು ಕಿವಿಗೊಡಬೇಕು. ಅಲ್ಲಿ ಅವರು ವೀಣೆಯ ಶಿಷ್ಯರು.

ಒಂದು ಆಕ್ಷೇಪವು ನನಗೆ ಉಳಿದೇ ಇದೆ. ವಿಳಂಬದ ಆಲಾಪನೆಯಲ್ಲಿ ಅವರು ಬೇಕಾದಷ್ಟು ಹೊತ್ತು ತಂಗುವುದಿಲ್ಲ. ರಾಗವು ಕುಳಿತುಕೊಳ್ಳುವಷ್ಟರಲ್ಲಿಯೇ ಎಬ್ಬಿಸಿಬಿಡುತ್ತಾರೆ. ಮೊಮ್ಮಗನು ಇದನ್ನು ಒಪ್ಪಲೊಲ್ಲನು.