‘ಮಣ್ಣಿನ ಮಕ್ಕಳ’ ಸಿದ್ಧಾಂತವೂ ರೋಣದ ಸೀಮೆಯೂ

ವಲಸೆ, ಸ್ಥಳೀಯಾಭಿಮಾನ ಮತ್ತು ರಾಜಕಾರಣ ಇವುಗಳ ಸಂಬಂಧವನ್ನು ಕುರಿತು ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈರನ್ ವೀನರ್ ಅವರು 1978ರಲ್ಲಿ ಪ್ರಕಟಿಸಿದ ‘ಸನ್ಸ್ ಆಫ್ ದಿ ಸಾಯಿಲ್’ ಗ್ರಂಥವು ಈ ವಿಷಯದ ಅಭ್ಯಾಸಿಗಳಿಗೆ ಇಂದಿಗೂ ಅವಶ್ಯವಾದುದು. ಅಸ್ಸಾಂ, ಛೋಟಾನಾಗಪುರ, ಹೈದರಾಬಾದು ಈ ಮೂರು ಪ್ರದೇಶಗಳನ್ನು ಅವರು ಪರಿಶೀಲಿಸಿದರು. ಹೊರಗಿನವರು ಬಂದು ನೆಲಸಿದ ಮಾತ್ರಕ್ಕೆ ಕಲಹವುಂಟಾಗದು. ಸ್ಥಳೀಯರಲ್ಲಿ ಹೊಸದಾಗಿ ವಿದ್ಯೆ ಪಡೆದ ಮಧ್ಯಮವರ್ಗವು ಇರುವ ಕೆಲವೇ ನೌಕರಿಗಳಿಗಾಗಿ ಅವರೊಡನೆ ಸ್ಪರ್ಧಿಸಬೇಕಾಗಿ ಬಂದಾಗಲೇ ‘ನಮ್ಮ ನೆಲ’ವೆಂಬ ಕೂಗು ಬಲಗೊಳ್ಳುವುದು ಎಂಬುದು ಅವರ ಮುಖ್ಯ ಪ್ರತಿಪಾದನೆ. ಇದರಲ್ಲಿ ಬಹಳಷ್ಟು ಸತ್ಯಾಂಶವಿದೆಯೆಂಬುದನ್ನು ನಾವು ಮೊದಲೇ ಒಪ್ಪುತ್ತೇವೆ.

ಆದರೆ ಹೈದರಾಬಾದಿನ ‘ಮುಲ್ಕಿ’ ಪ್ರಶ್ನೆಯನ್ನು ಓದುವಾಗ ಗಜೇಂದ್ರಗಡದ ವಾಚಕನಿಗೆ ಬೇರೊಂದು ಸಂಗತಿ ನೆನಪಾಗದಿರದು. 1956ರ ಏಕೀಕರಣಕ್ಕೆ ಮೊದಲು ರೋಣ, ನರಗುಂದ, ಗಜೇಂದ್ರಗಡಗಳು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ನೆರೆಯ ಕುಷ್ಟಗಿ, ಯಲಬುರ್ಗಾಗಳು ಹೈದರಾಬಾದಿಗೆ ಸೇರಿದ್ದವು. ನುಡಿಯೊಂದೇ, ಉಣ್ಣುವ ಜೋಳದ ರೊಟ್ಟಿಯೊಂದೇ, ಬೀಗತನವೂ ಗಡಿ ದಾಟಿ ನಡೆದುಬಂದುದೇ. ಆದರೂ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿ 2013ರಲ್ಲಿ ಜಾರಿಗೆ ಬಂದ 371ಜೆ ವಿಧಿಯು ಕೊಪ್ಪಳ ಜಿಲ್ಲೆಯನ್ನು ಒಳಗೊಂಡಿತು, ಗದಗವನ್ನು ಹೊರಗಿಟ್ಟಿತು. ನೌಕರಿಯ ಮೀಸಲಾತಿಯ ಮಟ್ಟಿಗೆ ಗಜೇಂದ್ರಗಡದ ಪದವೀಧರನು ಕುಷ್ಟಗಿಯಲ್ಲಿ ‘ಸ್ಥಳೀಯ’ನಲ್ಲ. ಇಲ್ಲಿ ಯಾರೂ ವಲಸೆ ಬಂದಿಲ್ಲ. ಗೆರೆಯೇ ಅವರ ನಡುವೆ ಬಂದು ನಿಂತಿದೆ. ಹಿಂದೆ ನಿಜಾಮರ ಆಳಿಕೆಯಲ್ಲಿದ್ದುದೇ ಇದರ ಆಧಾರವೆನ್ನೋಣವೆಂದರೆ, 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ ಸೇರಿದ ಬಳ್ಳಾರಿಯೂ ಆ ಗೆರೆಯೊಳಗಿದೆ! ಹಿಂದುಳಿದ ಪ್ರದೇಶಕ್ಕೆ ನೆರವು ಸಲ್ಲಬೇಕೆಂಬುದು ನ್ಯಾಯವೇ. ನಮ್ಮ ಆಕ್ಷೇಪಣೆ ಆ ನೆರವಿಗಲ್ಲ, ಸ್ಥಳೀಯತೆಯನ್ನು ಭಾಷೆ, ಕುಲಗಳಿಂದ ಮೊದಲೇ ಸಿದ್ಧವಾಗಿರುವ ವಸ್ತುವೆಂದು ಗ್ರಹಿಸುವ ವಿಚಾರಕ್ರಮಕ್ಕೆ.

ಎರಡನೆಯ ಕೊರತೆ ಇನ್ನೂ ದೊಡ್ಡದು. ವೀನರ್ ಅವರ ದೃಷ್ಟಿ ವಲಸೆಗಾರನು ತಲಪಿದ ಊರಿನಲ್ಲಿ ನೆಟ್ಟಿದೆ. ಅವನು ಬಿಟ್ಟುಬಂದ ಊರಿನ ಕಡೆ ಅದು ವಿರಳವಾಗಿ ಹೊರಳುತ್ತದೆ. ನಮ್ಮ ಬೆದ್ದಲು ನಾಡಿನಲ್ಲಿ ಮಳೆ ತಪ್ಪಿದರೆ ಗುಳೆ ತಪ್ಪದು. ಗೋವೆ, ಮಂಗಳೂರುಗಳ ಕಟ್ಟಡದ ಕೆಲಸಕ್ಕೆ ಕುಟುಂಬಗಳೇ ತೆರಳುತ್ತವೆ. 1950ರ ಜನಪ್ರಾತಿನಿಧ್ಯ ಕಾಯಿದೆಯ ಪ್ರಕಾರ ತಾತ್ಕಾಲಿಕವಾಗಿ ಊರು ಬಿಟ್ಟವನು ತನ್ನ ವಾಸಸ್ಥಳದ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಅವನ ಹೆಸರು ರೋಣದ ಯಾದಿಯಲ್ಲಿಯೇ ಉಳಿಯಬಹುದು. ಆದರೆ ಮತ ಹಾಕಲು ಬರಬೇಕಾದರೆ ಕೂಲಿಯೂ ಹೋಯಿತು, ಬಸ್ಸಿನ ಖರ್ಚೂ ಬಂತು. ಆ ಖರ್ಚನ್ನು ಇನ್ನೊಬ್ಬರು ಕೊಟ್ಟರೆ ಮತಕ್ಕೆ ಋಣದ ಭಾರ ಬೀಳುತ್ತದೆ. ವಲಸಿಗರಿಗಾಗಿ ಚುನಾವಣಾ ಆಯೋಗವು ದೂರದಿಂದ ಮತ ನೀಡುವ ಯಂತ್ರವೊಂದನ್ನು 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟುದು ಈ ತೊಡಕನ್ನು ಮನಗಂಡೇ.

ಮತದಾರನು ಯಾವಾಗಲೂ ಹುಟ್ಟಿದ ನೆಲದ ಹೆಸರಿನಲ್ಲಿಯೇ ಒಗ್ಗೂಡುವನೆಂದೂ ತಿಳಿಯಬೇಕಾಗಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ರೈತರನ್ನು ಕೂಡಿಸಿದುದು ಮಲಪ್ರಭಾ ಅಚ್ಚುಕಟ್ಟಿನ ಕರ. 1983ರಲ್ಲಿ ರಾಜ್ಯದ ಸರ್ಕಾರವು ಬದಲಾದುದರ ಕಾರಣಗಳಲ್ಲಿ ಆ ಚಳವಳಿಯೂ ಒಂದು.

ಈ ಸೀಮೆಯಲ್ಲಿ ಸಂಶೋಧನೆ ಕೈಕೊಳ್ಳುವ ವಿದ್ಯಾರ್ಥಿಗಳು ಗೋವೆಗೆ ಹೋಗುವ ಮೊದಲು ರೋಣ ಮತ್ತು ಯಲಬುರ್ಗಾ ಮತಕ್ಷೇತ್ರಗಳ ಗಡಿಯ ಹಳ್ಳಿಗಳ ಮತದಾರರ ಯಾದಿಗಳನ್ನು ಎದುರುಬದುರಾಗಿಟ್ಟುಕೊಂಡು, ಬೇಸಗೆಯಲ್ಲೊಮ್ಮೆ, ಸುಗ್ಗಿಯಲ್ಲೊಮ್ಮೆ ಮನೆಮನೆಗೆ ಹೋಗಿ ನೋಡಿಬರಬೇಕೆಂದು ನಾವು ಸೂಚಿಸುತ್ತೇವೆ.