ಪಕ್ಕದಲ್ಲಿದ್ದರೇ ಪಕ್ಕವಾದ್ಯ

ದ್ವಾರಂ ವೆಂಕಟಸ್ವಾಮಿ ನಾಯ್ಡು 1893ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ಬೆಳೆದದ್ದು ವಿಶಾಖಪಟ್ಟಣದಲ್ಲಿ. ಪಕ್ಕವಾದ್ಯವಾಗಿದ್ದ ಪಿಟೀಲಿಗೆ ತನಿಯಾಗಿ ಕಚೇರಿ ನಡೆಸುವ ಘನತೆ ತಂದವರಲ್ಲಿ ಅವರು ಪ್ರಮುಖರು. ಅದೇ ಪಿಟೀಲನ್ನು ನುಡಿಸಿದ ಇನ್ನೊಬ್ಬರು, ವಿಜಯವಾಡದ ಹೆಮ್ಮೆ ಅನ್ನವರಪು ರಾಮಸ್ವಾಮಿ. ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಅವರ ಶಿಷ್ಯರು, ಗಾಯಕ ಬಾಲಮುರಳಿಕೃಷ್ಣ ಅವರ ಸಹಪಾಠಿ, ಅಲ್ಲಿನ ಆಕಾಶವಾಣಿಯಲ್ಲಿ ದಶಕಗಳ ಕಾಲ ದುಡಿದವರು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲಪಾದಕ್ಕೆ ಆನಿಸಿ, ಬುಡವನ್ನು ಎಡಭುಜಕ್ಕೂ ಎದೆಗೂ ಒತ್ತಿ ಕೂತಾಗ ಎಡಗೈ ಹಗುರಾಗುತ್ತದೆ; ಬೆರಳು ತಂತಿಯ ಮೇಲೆ ಜಾರಿ ಗಮಕ ನುಡಿಸುತ್ತದೆ. ಗಾಯಕರ ಉಸಿರು ನೋಡಿಯೇ ಕಮಾನು ಏಳಬೇಕು. ಸ್ವರಕಲ್ಪನೆಗೆ ಉತ್ತರ ಆ ಕ್ಷಣದಲ್ಲೇ ಹುಟ್ಟಬೇಕು.

2020ರ ಮಾರ್ಚ್‌ನ ಲಾಕ್‌ಡೌನ್ ಕಿತ್ತುಕೊಂಡದ್ದು ಈ ಸಾಮೀಪ್ಯವನ್ನೇ. ಅಂತರ್ಜಾಲದಲ್ಲಿ ಪಾಠ ಹೇಳಬಹುದಿತ್ತು. ಆದರೆ ದನಿ ತಲುಪುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಒಬ್ಬೊಬ್ಬರೇ ನುಡಿಸಿ ಜೋಡಿಸಿದ ಧ್ವನಿಮುದ್ರಣದಲ್ಲಿ ಎಲ್ಲವೂ ಇರುತ್ತಿತ್ತು, ಮಾತಿಗೆ ಮಾತು ಕೊಡುವ ಸಂಭಾಷಣೆ ಮಾತ್ರ ಇರುತ್ತಿರಲಿಲ್ಲ. ಕಚೇರಿಯನ್ನೇ ನಂಬಿದವರಿಗೆ ಸಂಭಾವನೆಯೂ ನಿಂತಿತು.

ಅಂಥ ಕಾಲದಲ್ಲೇ, 2021ರಲ್ಲಿ, ತೊಂಬತ್ತು ದಾಟಿದ ಅನ್ನವರಪು ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಪಕ್ಕದಲ್ಲಿ ಕೂತು ಇನ್ನೊಬ್ಬರ ಹಾಡನ್ನು ಬೆಳಗಿಸುವ ಇಡೀ ಪರಂಪರೆಗೆ ಸಂದ ಗೌರವ ಅದು. ವೇದಿಕೆಗಳು ಮತ್ತೆ ತೆರೆದಿವೆ. ಇನ್ನು ಮುಂದೆ ಗಾಯಕರಿಗೆ ಚಪ್ಪಾಳೆ ತಟ್ಟುವಾಗ, ಅವರ ಪಕ್ಕದ ಪಿಟೀಲಿಗೂ ಅಷ್ಟೇ ಮನಸಾರೆ ತಟ್ಟೋಣ.