ಹಿಣಿಲಿನ ಮೀನು, ಹಿಡಿದವರ ಪಟ

ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟು ಬೇಯಿಸಬೇಕು. ಹೊರಗೆ ರಬ್ಬರಿನ ಬಿಗಿ, ಒಳಗೆ ಹದವಾದ ಮೆದು. ಬೆಲ್ಲವೋ ಸೋಂಪೋ ಮತ್ತೊಂದೋ, ಜೊತೆಗೆ ಏನು ಸೇರಿಸುತ್ತಾರೆ ಎನ್ನುವುದು ಅವರವರ ಗುಟ್ಟು. ಕಾವೇರಿಯ ಅತಿ ದೊಡ್ಡ ಗೆಂಡೆಗೆ ಗಾಳ ಹಾಕಿದವರೆಲ್ಲ ದಶಕಗಳ ಕಾಲ ನೆಚ್ಚಿಕೊಂಡಿದ್ದು ಈ ಉಂಡೆಯನ್ನೇ. ಶಿಬಿರವೊಂದರಲ್ಲಿ ಗೈಡಾಗಿ ದುಡಿದ ಹಿರಿಯರೊಬ್ಬರು ನನಗೆ ಅದರ ಹದ ಹೇಳಿಕೊಟ್ಟದ್ದು ಹೀಗೆ: "ಗಟ್ಟಿಗಿರ್ಬೇಕು ಸ್ವಾಮಿ. ಮೆತ್ತಗಿದ್ರೆ ಮೀನು ಬಾಯಿ ಹಾಕಕ್ ಮುಂಚೆ ಹೊಳೆನೇ ತಿಂದಾಕ್ಬುಡ್ತದೆ."

ಇದು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಸೀಮೆಯ ಮಾತು. ರಾಗಿ ಹೊಲ, ಹಿಪ್ಪುನೇರಳೆ ತೋಟ ದಾಟಿ ದಕ್ಷಿಣಕ್ಕೆ ನಡೆದರೆ ನೆಲ ಇಳಿಯುತ್ತದೆ, ಕಾಡು ಶುರುವಾಗುತ್ತದೆ, ಆಮೇಲೆ ಸಂಗಮ. ಅಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುತ್ತಾಳೆ. ಕೆಳಗೆ ಮೇಕೆದಾಟು, ಮೇಲೆ ಗಾಳಿಬೋರೆ, ಇನ್ನೂ ಮೇಲೆ ಭೀಮೇಶ್ವರಿ, ದೊಡ್ಡಮಾಕಳಿ. ಈ ಹೆಸರುಗಳು ಬೆಂಗಳೂರಿನವರಿಗೆ ರಜೆಯ ಜಾಗಗಳಾಗುವುದಕ್ಕೆ ಎಷ್ಟೋ ಮೊದಲೇ ಇಂಗ್ಲೆಂಡಿನ ಗಾಳಗಾರರ ಬಾಯಲ್ಲಿದ್ದವು. ಅವರು ಬರುತ್ತಿದ್ದದ್ದು ಒಂದೇ ಮೀನಿಗಾಗಿ: ಮಹಶೀರ್. ನಮ್ಮ ಕಡೆ ಬಿಳಿಮೀನು.

ಕಟ್ಲಾ, ರೋಹು, ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆ, ಇವೆಲ್ಲ ಯಾವ ಕುಟುಂಬವೋ ಮಹಶೀರ್ ಕೂಡ ಅದೇ ಕುಟುಂಬ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಏಡಿಯ ಚಿಪ್ಪನ್ನೂ ಶಂಖದಹುಳುವನ್ನೂ ಅಲ್ಲಿಯೇ ಅರೆದು ನುಂಗುತ್ತದೆ. ಬಂಡೆಗಳ ನಡುವೆ ಧುಮುಕುವ ನೀರೇ ಅದರ ಮನೆ. ಗಾಳ ಕಚ್ಚಿದ ಮೇಲೆ ಅದು ಸೆಳವಿನತ್ತ ಓಡುವ ಮೊದಲ ಓಟದಲ್ಲಿ ರೀಲಿನಿಂದ ದಾರ ಹರಿದು ಹೋಗುವ ಸದ್ದು ಕೇಳಿದವರು ಬೇರೆ ಮೀನಿನ ಮಾತನ್ನು ಅಷ್ಟು ಉತ್ಸಾಹದಿಂದ ಆಡುವುದಿಲ್ಲ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಒಂದು ಜಾತಿಗೆ ಇನ್ನೊಂದು ಗುರುತಿದೆ. ತಲೆಯ ಹಿಂದಿನಿಂದ ಬೆನ್ನು ಥಟ್ಟನೆ ಮೇಲೇಳುತ್ತದೆ, ಹಳ್ಳಿಕಾರ್ ಹೋರಿಗೆ ಹಿಣಿಲು ಎದ್ದ ಹಾಗೆ. ಬಾಲಕ್ಕೆ ಕಿತ್ತಳೆಯ ಛಾಯೆ.

ಗಾಳದ ಹವ್ಯಾಸ ಬಿಳಿಯರು ತಂದದ್ದು ಎಂದು ಹೇಳುವವರಿದ್ದಾರೆ. ಒಪ್ಪಲಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಯಾವ ಮೀನು, ಯಾವ ಎರೆ, ಎಂಥ ದಾರ, ಎಂಥ ಕೋಲು ಎಂದು ಅರಸನೊಬ್ಬ ಕುಳಿತು ವಿವರಿಸಿದ್ದಾನೆ. ಹೊಟ್ಟೆಪಾಡಿನ ಮೀನುಗಾರಿಕೆ ಅಲ್ಲ ಅದು, ವಿನೋದ. ಏಳು ಶತಮಾನಗಳ ನಂತರ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಮಹಶೀರ್ ಹಿಡಿಯುವವರಿಗೆ ಅದು ಪಠ್ಯವಾಯಿತು. 1946ರ ಮಾರ್ಚ್ 22ರಂದು ಮೈಸೂರಿನ ಚರ್ಮಪ್ರಸಾಧನದ ಮನೆತನಕ್ಕೆ ಸೇರಿದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಎತ್ತಿದರು. ಗಾಳದ ಕೋಲಿಗೆ ಸಿಕ್ಕ ಮಹಶೀರ್‌ಗಳಲ್ಲಿ ಅದನ್ನೇ ಇವತ್ತಿಗೂ ದಾಖಲೆ ಎನ್ನುತ್ತಾರೆ.

ಸ್ವಾತಂತ್ರ್ಯದ ನಂತರ ಈ ಮೀನಿನ ಸುದ್ದಿಯೇ ಅಡಗಿತು. ಹೊರಗಿನವರು ಅದು ಮುಗಿದೇ ಹೋಯಿತು ಎಂದುಕೊಂಡಿದ್ದರು. ತೋಟೆ ಸಿಡಿಸಿ ಮೀನು ಹಿಡಿಯುವವರು ಹೊಳೆಯ ಮಡುಗಳನ್ನು ಖಾಲಿ ಮಾಡುತ್ತಿದ್ದದ್ದೂ ನಿಜ. 1978ರಲ್ಲಿ ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್ ಎಂದು ತಮ್ಮನ್ನು ಕರೆದುಕೊಂಡ ಬ್ರಿಟಿಷ್ ಗಾಳಗಾರರು ಕಾವೇರಿಯಲ್ಲಿ ದೊಡ್ಡ ಮೀನು ಹಿಡಿದು ಪಟ ತೆಗೆದುಕೊಂಡು ಹೋದರು. ಆ ಪಟಗಳಿಂದಾಗಿ ಜಗತ್ತು ಮತ್ತೆ ಇತ್ತ ತಿರುಗಿತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ, ಅಂದರೆ ವಾಸಿ, ಹೊಳೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲಿಟ್ಟಿತು; ಸರ್ಕಾರದ ಜಂಗಲ್ ಲಾಡ್ಜಸ್ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರ ನಡೆಸಿತು. ನಿಯಮ ಒಂದೇ, ಹಿಡಿದ ಮೀನನ್ನು ಬಿಡಬೇಕು. ಹಿಂದೆ ತೋಟೆ ಎಸೆಯುತ್ತಿದ್ದ ಕೈಗಳಲ್ಲಿ ಕೆಲವು ತೆಪ್ಪ ನಡೆಸುವ, ಕಾವಲು ಕಾಯುವ ಕೈಗಳಾದವು. ಈ ಸೀಮೆಯ ಮೀನಿನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಬದಲಾವಣೆ.

ಮೀನನ್ನು ಬಿಟ್ಟ ಮೇಲೆ ಗಾಳಗಾರನ ಕೈಯಲ್ಲಿ ಉಳಿಯುವುದು ಎರಡು: ಶಿಬಿರದ ಪುಸ್ತಕದಲ್ಲಿ ಬರೆದ ಒಂದು ಸಾಲು, ಮತ್ತು ಒಂದು ಪಟ. ಈ ಎರಡಕ್ಕೂ ಮುಂದೆ ಎಂಥ ಬೆಲೆ ಬಂತು ನೋಡಿ.

ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ಪುಸ್ತಕಗಳನ್ನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಕುಳಿತು ಲೆಕ್ಕ ಹಾಕಿದರು. 23,620 ಗಂಟೆ ಗಾಳ ಹಾಕಿದ್ದಕ್ಕೆ 6,161 ಮಹಶೀರ್. ಎಲ್ಲಕ್ಕಿಂತ ದೊಡ್ಡದು 46.8 ಕಿಲೋ. ಮೇಲುನೋಟಕ್ಕೆ ಸುಗ್ಗಿ. ಆದರೆ ಗಾಳಗಾರರು ಮೀನನ್ನು ಎರಡು ಬಗೆಯಾಗಿ ಬರೆದಿಟ್ಟಿದ್ದರು, ಚಿನ್ನದ ಬಣ್ಣದ್ದು, ಅಂದರೆ ಹಿಣಿಲಿನದು, ಮತ್ತು ನೀಲಿ ರೆಕ್ಕೆಯದು. ಬೇರ್ಪಡಿಸಿ ನೋಡಿದಾಗ ಚಿತ್ರವೇ ಬೇರೆಯಾಯಿತು. ನೀಲಿ ರೆಕ್ಕೆಯದು ವರ್ಷವರ್ಷಕ್ಕೂ ಹೆಚ್ಚಿ, ಸರಾಸರಿ ತೂಕ ಇಳಿಯುತ್ತಿತ್ತು. ಎಂದರೆ ಮರಿಗಳು ಧಾರಾಳವಾಗಿ ಹುಟ್ಟುತ್ತಿವೆ. ಹಿಣಿಲಿನದು ಅಪರೂಪವಾಗುತ್ತ, ಸಿಕ್ಕ ಒಂದೆರಡರ ತೂಕ ಮಾತ್ರ ಏರುತ್ತಿತ್ತು. ಮುದಿ ಮೀನುಗಳಷ್ಟೇ ಉಳಿದಿವೆ, ಹೊಸ ಪೀಳಿಗೆ ಬರುತ್ತಿಲ್ಲ. ದೊಡ್ಡ ಮೀನು ಸಿಕ್ಕಿತೆಂದು ಗಾಳಗಾರ ಹಿಗ್ಗುವಾಗ ಹೊಳೆಯ ಒಳಗೆ ವಂಶವೇ ಮುಗಿಯುತ್ತ ಬಂದಿತ್ತು.

ನೀಲಿ ರೆಕ್ಕೆಯದು ಕಾವೇರಿಯದಲ್ಲ. ಟಾರ್ ಖುದ್ರಿ ಎಂಬ ಅದನ್ನು ಕರ್ನಲ್ ಸೈಕ್ಸ್ 1839ರಲ್ಲಿ ವರ್ಣಿಸಿದ್ದು ಪುಣೆಯ ಕಡೆಯ ಮುಳಾ-ಮುಠಾ ನದಿಯಿಂದ. 1970ರ ದಶಕದಿಂದ ಲೋಣಾವಳದ ಟಾಟಾ ಮರಿಕೇಂದ್ರದಲ್ಲಿ ಅದರ ಮರಿ ಮಾಡಿಸಿ ದೇಶದ ಹಲವು ಹೊಳೆಗಳಿಗೆ ಹಂಚಿದರು. ಮಹಶೀರ್ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಆದರೆ ಮಹಶೀರ್ ಎಂದರೆ ಒಂದೇ ಎಂದುಕೊಂಡದ್ದರಿಂದ, ಉಳಿಸುವ ಕೆಲಸವೇ ಕಾವೇರಿಯ ಸ್ವಂತ ಮೀನಿಗೆ ಪೈಪೋಟಿ ತಂದಿಟ್ಟಿತು.

ಇನ್ನೂ ಸೋಜಿಗವೆಂದರೆ, ಇಷ್ಟು ಖ್ಯಾತಿಯ ಹಿಣಿಲಿನ ಮೀನಿಗೆ ವಿಜ್ಞಾನದಲ್ಲಿ ಖಚಿತವಾದ ಹೆಸರೇ ಇರಲಿಲ್ಲ. 2018ರಲ್ಲಿ ಅದೇ ಸಂಶೋಧಕರು ಮೋಯಾರ್ ಹೊಳೆಯಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿ, ಅದು ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮಾದೇವಿಯೇ ಎಂದು ತೋರಿಸಿದರು. ಮೀನು ತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಬಂದ ಹೆಸರದು. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ 'ತೀವ್ರ ಅಪಾಯದಲ್ಲಿರುವ' ಜೀವಿಗಳ ಸಾಲಿಗೆ ಅದು ಸೇರಿತು. ಈ ಮೀನಿನ ಗುರುತು ಹಚ್ಚುವ ದಾರಿಯಲ್ಲಿ ಗಾಳಗಾರರ ಹಳೆಯ ಪಟಗಳು ಸಾಕ್ಷಿ ನುಡಿದವು. ಮೀನು ಎಂದೋ ಹೊಳೆಗೆ ಮರಳಿತ್ತು, ಅದರ ಬೆನ್ನಿನ ಗೆರೆ ಮಾತ್ರ ಫಿಲ್ಮಿನಲ್ಲಿ ಕೂತಿತ್ತು.

ಆದ್ದರಿಂದಲೇ ಪಟ ತೆಗೆಯುವುದನ್ನು ಗಾಳದ ಕೊನೆಯ ಸಡಗರವೆಂದು ನೋಡಬಾರದು ಎನ್ನುವುದು ನನ್ನ ಬಲವಾದ ನಂಬಿಕೆ. ಅದು ಗಾಳದ ಅರ್ಧ ಕೆಲಸ.

ಈಗ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವಂತಿಲ್ಲ. 1987ರಲ್ಲಿ ಘೋಷಣೆಯಾದ ಈ ಧಾಮ ಇಂದು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ಶಿಬಿರಗಳಿವೆ, ತೆಪ್ಪಗಳಿವೆ, ಕೋಲುಗಳಿಲ್ಲ. ಹಾಗಾಗಿ ಹವ್ಯಾಸಿಗಳು ಕೆರೆಗಳತ್ತ ಬಂದಿದ್ದಾರೆ, ಮೀನುಗಾರಿಕೆ ಇಲಾಖೆ ಬಿತ್ತಿದ ಗೆಂಡೆಗಳತ್ತ. ಕೆರೆಯ ಮೀನಿನ ಹಕ್ಕು ಗುತ್ತಿಗೆ ಹಿಡಿದವರದು. ಅವರನ್ನು ಕೇಳಿಯೇ ದಡದಲ್ಲಿ ಕೂರಬೇಕು. ಕಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಕೆಸರು ಕೆದಕುತ್ತವೆ. ಬೆಂಡನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂದು ಇಷ್ಟರಿಂದಲೇ ತಿಳಿಯುತ್ತದೆ. ಕಡಲೆಕಾಯಿ ಹಿಂಡಿ, ತೌಡು, ಅದೇ ರಾಗಿ ಉಂಡೆ, ಎಲ್ಲವೂ ನಡೆಯುತ್ತದೆ. ಗೆಂಡೆಗೆ ಅವಸರವಿಲ್ಲ. ಹಾಕುವವನಿಗೂ ಇರಬಾರದು.

ಇನ್ನು ಪಟದ ಮಾತು. ಕೋಲು ಬೀಸುವ ಮೊದಲೇ ಕ್ಯಾಮೆರಾ ಸಿದ್ಧವಿರಬೇಕು, ಬೆಳಕು ಎತ್ತಲಿಂದ ಬರುತ್ತದೆಂದು ನೋಡಿರಬೇಕು, ಪಟ ತೆಗೆಯುವವರು ಯಾರೆಂದು ತೀರ್ಮಾನವಾಗಿರಬೇಕು. ಮೀನು ದಡಕ್ಕೆ ಬಂದ ಮೇಲೆ ಮೊಬೈಲ್ ಹುಡುಕುವುದು ಮೀನಿಗೆ ಮಾಡುವ ಹಿಂಸೆ. ಕೈ ಒದ್ದೆಯಾಗಿರಲಿ, ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ, ಸೋಂಕು ತಗಲುವುದು ಆ ಜಾಗದಲ್ಲೇ. ಕಿವಿರಿಗೆ ಬೆರಳು ತೂರಿಸಿ ನೇತುಹಾಕಿದ ಪಟಗಳನ್ನು ಕಂಡರೆ ನನಗೆ ನೋವಾಗುತ್ತದೆ. ಅಷ್ಟು ಭಾರದ ದೇಹ ನೀರಿನಲ್ಲಿ ತೇಲಲೆಂದು ಬೆಳೆದದ್ದು, ತೂಗಲೆಂದು ಅಲ್ಲ. ಮೊಣಕಾಲುದ್ದ ನೀರಿನಲ್ಲಿ ಕುಳಿತು, ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಎದೆಯ ಕೆಳಗೆ. ಮೀನನ್ನು ಎತ್ತುವಾಗ ನೀವೂ ಉಸಿರು ಹಿಡಿಯಿರಿ. ನಿಮಗೆ ಉಸಿರು ಬೇಕೆನಿಸಿದಾಗ ಅದಕ್ಕೂ ಬೇಕು.

ಗೆಂಡೆಯ ಹುರುಪೆಗಳು ದೊಡ್ಡವು, ಒಂದೊಂದೂ ಕನ್ನಡಿ. ನಡುಹಗಲಿನ ಬಿಸಿಲಿನಲ್ಲೋ ಫ್ಲಾಶ್ ಹಾಕಿಯೋ ತೆಗೆದರೆ ಬೆಳ್ಳನೆಯ ಮಚ್ಚೆಗಳು ಬಿಟ್ಟರೆ ಏನೂ ಉಳಿಯದು. ಬೆಳಗಿನ ಓರೆ ಬೆಳಕು ಒಳ್ಳೆಯದು, ಮೋಡದ ದಿನ ಇನ್ನೂ ಒಳ್ಳೆಯದು. ಪೋಲರೈಸರ್ ಫಿಲ್ಟರ್ ಇದ್ದರೆ ನೀರಿನ ಹೊಳಪು ಸರಿದು, ಮುಳುಗಿದ ಮೈಯ ಬಣ್ಣವೂ ಕಾಣುತ್ತದೆ. ಲೆನ್ಸು ಮೀನಿನ ಮಟ್ಟಕ್ಕೆ ಇಳಿಯಬೇಕು. ಕೈಗಳನ್ನು ಲೆನ್ಸಿನತ್ತ ಚಾಚಿ ಐದು ಕಿಲೋ ಮೀನನ್ನು ಹತ್ತು ಕಿಲೋ ಮಾಡುವ ಕೈಚಳಕ ಎಲ್ಲರಿಗೂ ಗೊತ್ತು. ಆ ಪಟದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ತೂಕ ಬೇಕಿದ್ದರೆ ಟೇಪು ಹಿಡಿಯಿರಿ. ಇಂಚಿನಲ್ಲಿ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಪೌಂಡಿನಲ್ಲಿ ತೂಕ ಸಿಗುತ್ತದೆ.

ಒಂದಾದರೂ ಪಟ ಪೂರ್ತಿ ಪಕ್ಕೆಯದಿರಲಿ: ಮೂತಿಯಿಂದ ಬಾಲದ ತುದಿವರೆಗೆ, ಬೆನ್ನಿನ ರೆಕ್ಕೆ ಬಿಚ್ಚಿಕೊಂಡು, ಬಾಯಿ ಮುಚ್ಚಿಕೊಂಡು. ರೆಮಾದೇವಿಯನ್ನು ಬೇರೆ ಮಹಶೀರ್‌ಗಳಿಂದ ಬೇರ್ಪಡಿಸುವ ಗುರುತುಗಳನ್ನು ನೋಡಿದರೆ ಇದರ ಅಗತ್ಯ ಅರ್ಥವಾಗುತ್ತದೆ. ಬೆನ್ನಿನ ಗೆರೆ ರೆಕ್ಕೆಯ ಮುಂದೆ ಎಲ್ಲಿ ಮುರಿದು ಏಳುತ್ತದೆ, ಮೇಲ್ದವಡೆಗೆ ಕೆಳದವಡೆ ಸಮವೇ ತುಸು ಮುಂದೆಯೇ, ಬೆನ್ನುರೆಕ್ಕೆಯ ಮುಳ್ಳು ಎಷ್ಟುದ್ದ. ನಗುತ್ತ ನಿಂತ ಗಾಳಗಾರನ ಹೆಬ್ಬೆರಳು ಆ ಮುಳ್ಳಿನ ಮೇಲಿದ್ದರೆ, ಅವನ ಮುಖ ಎಷ್ಟೇ ಚೆನ್ನಾಗಿ ಬಂದಿದ್ದರೂ ಪಟ ಅರ್ಧ ಕುರುಡು. ತಲೆಯದೊಂದು, ಮೀಸೆ ಮತ್ತು ತುಟಿ ಕಾಣುವಂತೆ. ಬಾಲದ್ದೊಂದು, ಬಣ್ಣ ಕಾಣುವಂತೆ. ಮೂರು ಸಾಕು. ಆಮೇಲೆ ಮೂತಿಯನ್ನು ಸೆಳವಿಗೆ ಎದುರಾಗಿ ಹಿಡಿದು, ಅದಾಗಿಯೇ ಕೈ ಕೊಡವಿಕೊಂಡು ಹೋಗುವವರೆಗೆ ಕಾಯುವುದು.

ಪಟದ ಜೊತೆ ದಿನಾಂಕ ಬರೆಯಿರಿ, ಹೊಳೆಯ ಹೆಸರು ಬರೆಯಿರಿ. ಮಡುವಿನ ಹೆಸರನ್ನು ಮಾತ್ರ ಊರಿಗೆಲ್ಲ ಹಂಚಬೇಡಿ; ತೋಟೆಯವರಿಗೂ ಓದಲು ಬರುತ್ತದೆ.

ಹೊಳೆಗೆ ಬೇರೆ ಚಿಂತೆಗಳೂ ಇವೆ. ವೃಷಭಾವತಿ ಹೊತ್ತು ತಂದ ಬೆಂಗಳೂರಿನ ಕೊಳಚೆಯನ್ನು ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸುರಿಯುತ್ತಾಳೆ. ಮೇಕೆದಾಟಿನಲ್ಲಿ 67 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟಿನ ಪ್ರಸ್ತಾವವಿದೆ. ಅದನ್ನು ಕಟ್ಟಿದ ದಿನ ಬಂಡೆಗಳ ನಡುವಿನ ಹರಿವು ನಿಂತ ನೀರಾಗುತ್ತದೆ. ಬೆಂಗಳೂರಿಗೆ ನೀರು ಬೇಕು ಎನ್ನುವುದನ್ನು ಅಲ್ಲಗಳೆಯಲಾರೆ. ಹರಿವಿಗಾಗಿಯೇ ಹುಟ್ಟಿದ ಮೀನು ನಿಂತ ನೀರಿನಲ್ಲಿ ಏನು ಮಾಡೀತು ಎಂಬ ಪ್ರಶ್ನೆಯೂ ಆ ಯೋಜನೆಯ ಕಡತದೊಳಗೆ ಬರಬೇಕೆನ್ನುತ್ತೇನೆ.

ಉಯ್ಯಂಬಳ್ಳಿ, ಕೋಡಿಹಳ್ಳಿ, ಸಾತನೂರು ಕಡೆಯ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ತಂದೆಯವರೋ ಚಿಕ್ಕಪ್ಪನವರೋ ಶಿಬಿರಗಳಲ್ಲಿ ತೆಪ್ಪ ನಡೆಸಿದ್ದರೆ, ಎರೆ ಬೇಯಿಸಿದ್ದರೆ, ಯಾರೋ ಪರದೇಶದವರು ಕೊಟ್ಟುಹೋದ ಪಟವೊಂದು ಪೆಟ್ಟಿಗೆಯ ತಳದಲ್ಲಿ ಇದ್ದೀತು. 1980ರ, 1990ರ ದಶಕದ್ದಾದರೆ ಇನ್ನೂ ಒಳ್ಳೆಯದು. ತೆಗೆದು ನೋಡಿ. ಹಿಂದೆ ಇಸವಿ ಬರೆದಿದೆಯೇ, ಬೆನ್ನಿನ ಗೆರೆ ಹೇಗಿದೆ, ಬಾಲ ನೀಲಿಯೋ ಕಿತ್ತಳೆಯೋ. ಪಟವನ್ನು ಯಾರಿಗೂ ಕೊಟ್ಟುಬಿಡಬೇಡಿ, ಮೊಬೈಲಿನಲ್ಲಿ ನೇರವಾಗಿ, ನೆರಳು ಬೀಳದಂತೆ ಒಂದು ಪ್ರತಿ ತೆಗೆದುಕೊಳ್ಳಿ. ಆ ಹಿರಿಯರು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಯಾವ ಮಡು, ಯಾವ ತಿಂಗಳು, ನೀರು ಕೆಂಪಗಿತ್ತೋ ತಿಳಿಯಾಗಿತ್ತೋ, ಎರೆ ರಾಗಿಯೋ ಏಡಿಯೋ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡಿ.